ಕೊಯಮತ್ತೂರಿನಲ್ಲಿ ಗೆದ್ದ ಚೆನ್ನೈ

ಹೆಸರು ಚೆನ್ನೈ ಸಿಟಿ, ಆದರೆ ಗೆದ್ದದ್ದು ನಮ್ಮ ಕೊಯಮತ್ತೂರಿನ ನೆಹರೂ ಕ್ರೀಡಾಂಗಣದಲ್ಲಿ. 1946ರಲ್ಲಿ ಹುಟ್ಟಿದ ಈ ಫುಟ್‌ಬಾಲ್ ಕ್ಲಬ್ಬು 2017ರ ಜನವರಿಯಲ್ಲಿ ಐ-ಲೀಗ್‌ನಲ್ಲಿ ಆಡತೊಡಗಿತು. ಮರುವರ್ಷದ ಪಂದ್ಯಗಳಿಗೆ ಇಲ್ಲಿಗೆ ಬಂತು.

2018–19ರಲ್ಲಿ ಸಿಂಗಪುರದ ಅಕ್ಬರ್ ನವಾಸ್ ತರಬೇತುದಾರರು. ಪೆಡ್ರೊ ಮಾನ್ಸಿ ಒಬ್ಬರೇ 21 ಗೋಲು ಹೊಡೆದರು. 2019ರ ಮಾರ್ಚ್ 9, ಕೊನೆಯ ಪಂದ್ಯ. ಚೆನ್ನೈಗೆ 40 ಅಂಕ, ಬೆನ್ನಹಿಂದೆಯೇ 39ರಲ್ಲಿ ಈಸ್ಟ್ ಬೆಂಗಾಲ್. ಅದೇ ಹೊತ್ತಿಗೆ ಕೋಳಿಕೋಡಿನಲ್ಲಿ ಅವರ ಆಟ. ಇಲ್ಲಿ ಮಿನರ್ವ ಪಂಜಾಬ್ ಆರಂಭದಲ್ಲೇ ಒಂದು ಗೋಲು ಹೊಡೆದುಬಿಟ್ಟಿತು! ವಿರಾಮದ ನಂತರ ಮಾನ್ಸಿ ಪೆನಾಲ್ಟಿಯಲ್ಲಿ ಸಮ ಮಾಡಿದರು. ಸಮ ಸಾಲದು, ಅತ್ತ ಈಸ್ಟ್ ಬೆಂಗಾಲ್ ಗೆದ್ದೇಬಿಟ್ಟಿತ್ತು. ಉಳಿದ ಎರಡು ಗೋಲು ಹೊಡೆದವರು ರಕ್ಷಣಾ ಆಟಗಾರ ಗೌರವ್ ಬೋರಾ. ಗೋಲು ತಡೆಯಬೇಕಾದವರೇ ಹೊಡೆದರು, ನೋಡಿ. 3–1. ಲೆಕ್ಕ 43ಕ್ಕೆ 42.

ಬೆಂಗಳೂರು ಎಫ್‌ಸಿ 2014, 2016ರಲ್ಲಿ ಗೆದ್ದ ಲೀಗೇ ಇದು. ಆ ತಂಡಕ್ಕೆ ಊರೂ ಹೆಸರೂ ಒಂದೇ, ಇಲ್ಲಿ ಹಾಗಿರಲಿಲ್ಲ. ಮಾನ್ಸಿ 2020ರಲ್ಲಿ ಜಪಾನಿಗೆ ಹೋದರು. ಕೋವಿಡ್ ಕಾರಣ 2021ರ ಲೀಗ್ ಪೂರ್ತಿ ಬಂಗಾಳದಲ್ಲೇ ನಡೆಯಿತು. ಅದರ ಮುಂದಿನ ಐ-ಲೀಗ್ ಪಟ್ಟಿಯಲ್ಲಿ ಚೆನ್ನೈ ಸಿಟಿಯ ಹೆಸರಿರಲಿಲ್ಲ.