ಬೇಸಿಗೆ ಶಿಬಿರಕ್ಕೆ ಮಕ್ಕಳನ್ನು ಕಳಿಸುವ ಮುನ್ನ: ಬಿಸಿಲು, ಕುಡಿಯೋ ನೀರು, ಕೃಷಿ ಹೊಂಡದ ಬಗ್ಗೆ ಎಚ್ಚರ ಇರಲಿ

ಚಳ್ಳಕೆರೆ/ಮೊಳಕಾಲ್ಮೂರು: ಪರೀಕ್ಷೆ ಮುಗಿದಿದೆ, ಮಕ್ಕಳು ಮನೇಲಿ ನಿಲ್ತಾ ಇಲ್ಲ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ರಜೆ. ಗ್ರಾಮ ಪಂಚಾಯ್ತಿ ಅರಿವು ಕೇಂದ್ರಗಳಿಂದ ಹಿಡಿದು ಖಾಸಗಿ ಶಾಲೆ, ಮಠ, ಸಮುದಾಯ ಭವನಗಳವರೆಗೆ ಎಲ್ಲೆಡೆ ಚಿತ್ರಕಲೆ, ನಾಟಕ, ಯೋಗ, ಕರಾಟೆ ಶಿಬಿರಗಳು ನಡೆಯೋ ಕಾಲ ಇದು. ಮಕ್ಕಳು ಮೊಬೈಲ್ ಬಿಟ್ಟು ನಾಲ್ಕು ಜನರ ಜೊತೆ ಬೆರೆಯೋದು ಒಳ್ಳೆಯದೇ. ಆದರೆ ಶಿಬಿರ ನಡೆಯೋದು ವರ್ಷದ ಅತಿ ಬಿಸಿಲಿನ ದಿನಗಳಲ್ಲಿ, ಅದೂ ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದಾದ ನಮ್ಮ ಬಯಲು ಸೀಮೆಯಲ್ಲಿ. ಹಾಗಾಗಿ ಪೋಷಕರು, ಆಯೋಜಕರು, ಅಕ್ಕಪಕ್ಕದ ಅಂಗಡಿಯವರು ತಿಳಿದಿರಬೇಕಾದ ಕೆಲವು ವಿಷಯಗಳು ಇಲ್ಲಿವೆ.

ಬಿಸಿಲು: ಬೆಳಗ್ಗೆ 11ರೊಳಗೆ ಆಟ ಮುಗಿಯಲಿ

ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತೆ. ಆಟದಲ್ಲಿ ಮುಳುಗಿದ ಮಗು ಬಾಯಾರಿಕೆ ಆದರೂ ಹೇಳಲ್ಲ. ಬಯಲಿನ ಆಟ, ಓಟ, ಕವಾಯತು ಏನಿದ್ದರೂ ಬೆಳಗ್ಗೆ 7ರಿಂದ 10-11ರೊಳಗೆ ಮುಗಿಸಬೇಕು. 12ರಿಂದ 4ರವರೆಗೆ ನೆರಳಲ್ಲಿ ಕೂತು ಮಾಡುವ ಕೆಲಸ ಮಾತ್ರ. ತಗಡಿನ ಶೀಟಿನ ಕೆಳಗೆ ನೆರಳಿದ್ದರೂ ಸೆಕೆ ಹೊರಗಿಗಿಂತ ಜಾಸ್ತಿ ಇರಬಹುದು. ಅದಕ್ಕಿಂತ ಬೇವಿನ ಮರದ ನೆರಳೇ ವಾಸಿ.

ಅರ್ಧ ಗಂಟೆಗೊಮ್ಮೆ ಎಲ್ಲರನ್ನೂ ನಿಲ್ಲಿಸಿ ನೀರು ಕುಡಿಸಬೇಕು. ಬೇಕಾದವರು ಕುಡೀರಿ ಅಂತ ಬಿಟ್ಟರೆ ಅರ್ಧ ಮಕ್ಕಳು ಕುಡಿಯಲ್ಲ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಮಜ್ಜಿಗೆ, ನಿಂಬೆ ಪಾನಕ, ರಾಗಿ ಅಂಬಲಿ ಇದಕ್ಕೆ ಹೇಳಿ ಮಾಡಿಸಿದ್ದು.

ತಲೆನೋವು, ಸುಸ್ತು, ವಾಕರಿಕೆ ಅಂದ ಮಗುವನ್ನು ತಕ್ಷಣ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ನೀರು ಕೊಡಬೇಕು. ಮಗು ತಡವರಿಸಿ ಮಾತಾಡಿದರೆ, ಎಚ್ಚರ ತಪ್ಪಿದರೆ, ಫಿಟ್ಸ್ ಬಂದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಆಗ ಮೈತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತೆ. ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತೆ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡಲ್ಲ.

ನೀರು ಎಲ್ಲಿಂದ ಬಂತು ಅಂತ ಕೇಳಿ

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದ್ದರು, ಕೆಲವರು ಜೀವ ಕಳೆದುಕೊಂಡರು. ಜಿಲ್ಲೆಯ ಜನ ಅದನ್ನು ಮರೆತಿಲ್ಲ. ಒಂದೇ ಡ್ರಮ್‌ನಿಂದ 60 ಮಕ್ಕಳು ಕುಡಿಯುವ ಶಿಬಿರದಲ್ಲಿ ಆ ಡ್ರಮ್ ತೊಳೆದಿದ್ದು ಯಾವಾಗ, ಲೋಟ ಒಳಗೆ ಅದ್ದುತ್ತಾರಾ ಇಲ್ಲ ನಲ್ಲಿ ಇದೆಯಾ ಅಂತ ನೋಡಲೇಬೇಕು. ಎರಡೂ ತಾಲ್ಲೂಕಿನ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕಾಯಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ಆದ್ದರಿಂದ ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಬಳಸಿ, ಕ್ಯಾನ್ ಒಳಗೂ ತೊಳೆಸಿ.

ಮಗುವಿಗೆ ಭೇದಿ ಶುರುವಾದರೆ ಒಆರ್‌ಎಸ್ ಕೊಡಬೇಕು. ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಪುಡಿ 1 ಲೀಟರ್ ಶುದ್ಧ ನೀರಿಗೆ. ಅರ್ಧರ್ಧ ಕಲಸಬೇಡಿ. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ.

ಅಂಗಡಿಯವರ ಗಮನಕ್ಕೆ

ಶಿಬಿರದ ಪಕ್ಕದ ಅಂಗಡಿಗೆ ರಜೆಯಲ್ಲಿ ವ್ಯಾಪಾರ ಚೆನ್ನಾಗಿರುತ್ತೆ. ಅದರ ಜೊತೆ ಜವಾಬ್ದಾರಿಯೂ ಬರುತ್ತೆ.

• ‘ಒಆರ್‌ಎಸ್’ ಅಂತ ಹೆಸರಿಟ್ಟ ಸಿಹಿ ಪಾನೀಯಗಳು ಒಆರ್‌ಎಸ್ ಅಲ್ಲ. ಸಕ್ಕರೆ ಹೆಚ್ಚಿರೋದರಿಂದ ಭೇದಿ ಜಾಸ್ತಿ ಆಗಬಹುದು. ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಹಳೇ ಸ್ಟಾಕ್ ಮಕ್ಕಳಿಗೆ ಕೊಡಬೇಡಿ.
• ಬಣ್ಣದ ಬಾಂಬೆ ಮಿಠಾಯಿ, ಕೃತಕ ಬಣ್ಣದ ಗೋಬಿ ಮಂಚೂರಿಯನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ.
• ಪಾನಕಕ್ಕೆ ಹಾಕುವ ಐಸ್ ಕುಡಿಯುವ ನೀರಿನದ್ದೇ ಆಗಿರಲಿ. ಸರಕು ತಂಪಿಡುವ ಐಸ್ ಹೊಟ್ಟೆಗೆ ಹೋಗಬಾರದು.
• ಎಣ್ಣೆ ನಗರಿಯಲ್ಲಿ ಶೇಂಗಾಕ್ಕೆ ಬರವಿಲ್ಲ. ಚಿಕ್ಕಿ, ಉಂಡೆ ಮಕ್ಕಳಿಗೆ ಒಳ್ಳೇ ತಿಂಡಿ. ಆದರೆ ಬೂಷ್ಟು ಹಿಡಿದ ಕಾಯಿ ಬೇಡ, ಅದರಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷ ಇರಬಹುದು. 5 ವರ್ಷದೊಳಗಿನವರಿಗೆ ಇಡೀ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಕೃಷಿ ಹೊಂಡ: ಇಳಿದ ಮೇಲೆ ಹತ್ತೋಕಾಗಲ್ಲ

ಶಿಬಿರ ಮಧ್ಯಾಹ್ನ ಮುಗಿಯುತ್ತೆ. ಮನೆಗೆ ಹೋಗೋ ದಾರಿಯಲ್ಲಿ ಹೊಂಡ, ಚೆಕ್‌ಡ್ಯಾಂ, ಕಲ್ಲು ಕ್ವಾರಿ ಕಾಣುತ್ತೆ. ದೊಡ್ಡ ಅಪಾಯ ಇರೋದು ಇಲ್ಲೇ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಬಯಲು ಸೀಮೆಯ ಹೊಲಗಳಲ್ಲಿ ಸಾಕಷ್ಟು ಹೊಂಡಗಳಾಗಿವೆ. ರೈತರಿಗೆ ಅನುಕೂಲವೂ ಆಗಿದೆ. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದರೆ ಸಾಬೂನಿನಂತೆ ಜಾರುತ್ತೆ. ಹಿಡಿಯೋಕೆ ಬೇರಿಲ್ಲ, ಕಲ್ಲಿಲ್ಲ. ಈಜು ಬಲ್ಲವರೂ ಮೇಲೆ ಬರಲಾರದೆ ಸೋಲುತ್ತಾರೆ. ಒಬ್ಬನನ್ನು ಎಳೆಯಲು ಹೋಗಿ ಇನ್ನೊಬ್ಬ ಬೀಳುವುದರಿಂದಲೇ ಇಂಥ ಕಡೆ ಒಟ್ಟಿಗೆ ಎರಡು-ಮೂರು ಜೀವ ಹೋಗೋದು.

ಹೊಂಡದ ಸುತ್ತ ತಂತಿ ಬೇಲಿ ಇರಲಿ. ಜೊತೆಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ. ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನ್‌ಗೆ ಹಗ್ಗ ಕಟ್ಟಿ ದಡದಲ್ಲಿಟ್ಟರೆ ಅದೇ ತೇಲುವ ಆಸರೆ. ಖರ್ಚು ನೂರಿನ್ನೂರು ರೂಪಾಯಿ ಅಷ್ಟೇ.

ಮಕ್ಕಳಿಗೆ ಕಲಿಸಬೇಕಾದ್ದು ಇಷ್ಟು: ಗೆಳೆಯ ಮುಳುಗುತ್ತಿದ್ದರೆ ನೀರಿಗೆ ಹಾರಬೇಡ, ಕೂಗು. ಹಗ್ಗ, ಸೀರೆ, ಕೋಲು, ಕ್ಯಾನ್ ಎಸೆ. ಮೇಲೆತ್ತಿದ ಮಗು ಉಸಿರಾಡುತ್ತಿಲ್ಲ ಎಂದಾದರೆ ದೊಡ್ಡವರು ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಆಮೇಲೆ ಎದೆಯ ಮಧ್ಯೆ 30 ಸಲ ಒತ್ತಿ, 2 ಸಲ ಉಸಿರು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು. ಹೊಟ್ಟೆ ಒತ್ತೋದು, ತಲೆಕೆಳಗೆ ಮಾಡಿ ತಿರುಗಿಸೋದು ಬೇಡ. ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಬದುಕುತ್ತಾರೆ ಅನ್ನೋ ವಾಟ್ಸ್‌ಆ್ಯಪ್ ಸಂದೇಶ ಶುದ್ಧ ಸುಳ್ಳು. 2023ರ ಕೊನೆಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಅದನ್ನು ನಂಬಿ ಮಕ್ಕಳ ದೇಹಗಳನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟಿದ್ದರು. ಫಲ ಸಿಗಲಿಲ್ಲ.

ಹಾವು, ಚೇಳು, ನಾಯಿ

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನ ನೋಡೋಕೆ ಮಕ್ಕಳನ್ನು ಕರೆದೊಯ್ಯುವ ಶಿಬಿರಗಳು ಬೆಳಗ್ಗೆ ಬೇಗ ಹೊರಟು ಬಿಸಿಲೇರುವ ಮುಂಚೆ ಇಳಿಯಬೇಕು. ಶೂ ಕಡ್ಡಾಯ, ಬಂಡೆ ಸಂದಿಗೆ ಕೈ ಹಾಕೋದು ಬೇಡ. ಗುಡ್ಡದಲ್ಲಿ ಕರಡಿ ಓಡಾಟ ಇದೆಯಾ ಅಂತ ಊರವರನ್ನು ಕೇಳಿಯೇ ಹತ್ತಬೇಕು.

ಹಾವು ಕಚ್ಚಿದರೆ ಕುಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈ-ಕಾಲು ಅಲುಗಾಡದಂತೆ ಇಟ್ಟು, ಮಗುವನ್ನು ನಡೆಸದೆ ಆಸ್ಪತ್ರೆಗೆ ಒಯ್ಯಿರಿ. ನಾಟಿ ಔಷಧಿಗೆ ಕಾಯುವ ಸಮಯ ಅಲ್ಲ ಅದು. ಕಟ್ಟುಹಾವು ರಾತ್ರಿ ಕಚ್ಚಿದರೆ ನೋವೇ ಇರದಿರಬಹುದು. ವಸತಿ ಶಿಬಿರದಲ್ಲಿ ನೆಲದ ಮೇಲೆ ಮಲಗಿದ ಮಗು ಬೆಳಗ್ಗೆ ಹೊಟ್ಟೆನೋವು, ಕಣ್ಣು ತೆರೆಯೋಕಾಗ್ತಿಲ್ಲ ಅಂದರೆ ತಡಮಾಡಬೇಡಿ. ಸೊಳ್ಳೆ ಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿದರೆ ಹಾವು, ಚೇಳು ಎರಡೂ ಒಳಗೆ ಬರಲ್ಲ.

ಕೆಂಪು ಚೇಳು ಕಚ್ಚಿದ ಮಗುವಿಗೆ ವಾಂತಿ, ವಿಪರೀತ ಬೆವರು, ಕೈಕಾಲು ತಣ್ಣಗಾದರೆ ಹೃದಯಕ್ಕೆ ವಿಷ ಏರಿದೆ ಅಂತ. ಇದಕ್ಕೆ ಪ್ರಜೋಸಿನ್ ಮಾತ್ರೆ ಬಳಸುವ ಚಿಕಿತ್ಸೆಯನ್ನು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ರೂಢಿಗೆ ತಂದರು. ಅದನ್ನು ವೈದ್ಯರೇ ಕೊಡಬೇಕು.

ನಾಯಿ ಕಚ್ಚಿದರೆ, ಪರಚಿದರೂ ಸರಿ, ಹರಿಯೋ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಹಾಕಿಸಿ. ಸುಣ್ಣ, ಅರಿಶಿನ, ಖಾರದಪುಡಿ ಬೇಡ.

ಫೀಸ್ ಕಟ್ಟುವ ಮುನ್ನ ಕೇಳಬೇಕಾದ್ದು

• ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು? ಹೆಣ್ಣುಮಕ್ಕಳಿದ್ದರೆ ಮಹಿಳಾ ಸಿಬ್ಬಂದಿ ಇದ್ದಾರಾ?
• ಶೌಚಾಲಯಕ್ಕೆ ನೀರು, ಒಳಗಿಂದ ಚಿಲಕ ಇದೆಯಾ?
• ಮಗುವಿನ ಅಲರ್ಜಿ, ಆಸ್ತಮಾ, ಫಿಟ್ಸ್ ವಿವರ ಬರೆದುಕೊಂಡರಾ?
• ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ, ಹಾಜರಿ ಎರಡು ಹೊತ್ತೂ ಹಾಕುತ್ತಾರಾ?
• ತುರ್ತಿಗೆ ವಾಹನ ಯಾವುದು? ಮೊಳಕಾಲ್ಮೂರು ಗಡಿ ಹಳ್ಳಿಗಳವರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿಯ ದೊಡ್ಡಾಸ್ಪತ್ರೆ ಹತ್ತಿರ. ಅದನ್ನು ಮೊದಲೇ ತೀರ್ಮಾನಿಸಿರಬೇಕು.

ಸಂಜೆ ಮಗು ಮನೆಗೆ ಬಂದಾಗ ಏನು ಕಲಿತೆ ಅಂತ ಕೇಳುವುದರ ಜೊತೆಗೆ ಯಾರಾದರೂ ಬೈದರಾ, ಮುಟ್ಟಿದ್ದು ಇಷ್ಟ ಆಗಲಿಲ್ಲವಾ ಅಂತಲೂ ನಿಧಾನವಾಗಿ ಕೇಳಿ. ಮಗು ಹೇಳಿದ್ದನ್ನು ನಂಬಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಗೊತ್ತಿದ್ದೂ ಮುಚ್ಚಿಡುವುದೂ ಅಪರಾಧವೇ.

ಗೋಡೆ ಮೇಲೆ ಬರೆದಿಡಬೇಕಾದ ನಂಬರ್‌ಗಳು: ಆಂಬುಲೆನ್ಸ್ 108, ತುರ್ತು ಸಹಾಯ 112, ಮಕ್ಕಳ ಸಹಾಯವಾಣಿ 1098. ಮೂರೂ ಉಚಿತ.