ತೋಟದ ಕೀಲಿಕೈ ಯಾರಲ್ಲಿರಬೇಕು?

ರಾತ್ರಿ ಪಾಳಿಯ ಕರೆಂಟು ಎಂದರೇನೆಂಬುದನ್ನು ನಮ್ಮ ಜತ್ತ ಸೀಮೆಯ ಒಕ್ಕಲಿಗ ಬಾಂಧವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಡುರಾತ್ರಿ ಎದ್ದು, ಬ್ಯಾಟರಿ ಹಿಡಿದು, ಹಾವು ಚೇಳುಗಳಿಗೆ ಅಂಜುತ್ತ ಬಾವಿಗೆ ಹೋಗಿ ಮೋಟರು ಚಾಲೂ ಮಾಡಿದವರೇ ನಾವೆಲ್ಲರೂ. ಅಂಥವರಿಗೆ, ಮನೆಯಲ್ಲಿ ಮಲಗಿದ್ದಲ್ಲಿಂದಲೇ ಮೋಟರು ನಡೆಸುವ ಮೊಬೈಲ್ ಸ್ಟಾರ್ಟರು ಬಂದದ್ದು ದೊಡ್ಡ ಉಪಕಾರವೇ ಸರಿ. ಆ ಯಂತ್ರವನ್ನು ಹಳಿಯುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಅದನ್ನು ನಂಬುವ ರೀತಿಯಲ್ಲಿ ನಾವು ಮಾಡಿದ ತಪ್ಪನ್ನು ಉಳಿದವರು ಮಾಡದಿರಲಿ ಎಂಬುದಷ್ಟೇ ನಮ್ಮ ಉದ್ದೇಶ.

ನಾವು ಕಲಿತ ಪಾಠ

ನಮ್ಮದು 2 ಎಕರೆ ದಾಳಿಂಬೆ. ಮಡ್ಡಿ ನೆಲ, ಹನಿ ನೀರಾವರಿ, ಹಿಡಿಯುವುದು ಅಂಬೆ ಬಹಾರ. ಬಾವಿಯ ಮೋಟರಿಗೆ ಮೊಬೈಲ್ ಸ್ಟಾರ್ಟರು ಕೂಡ್ರಿಸಲು ಬಂದವನು ಹಳೆಯ ಸ್ಟಾರ್ಟರಿನ ಹಸಿರು ಗುಂಡಿಯ ತಂತಿಯನ್ನು ಬಿಚ್ಚಿ, "ಇನ್ನು ಇದರ ಕೆಲಸವಿಲ್ಲ" ಎಂದನು. ನಾವೂ ಹೂಂಗುಟ್ಟಿದೆವು. ಪೆಟ್ಟಿಗೆಗೆ ಕೀಲಿ ಹಾಕಿ, ಕೀಲಿಕೈಯನ್ನು ಮನೆಯ ಗೂಟಕ್ಕೆ ತೂಗುಹಾಕಿದೆವು.

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಬೀಗರ ಮನೆಯ ಮದುವೆಗೆಂದು ಎಲ್ಲರೂ ವಿಜಯಪುರಕ್ಕೆ ಹೋಗಿದ್ದೆವು. ಕಾಯಿ ಬಣ್ಣ ತಿರುಗುವ ಹೊತ್ತು. ಹೋದ ಸಂಜೆಯೇ ಊರಲ್ಲಿ ಬಿರುಗಾಳಿ ಎದ್ದಿತು. ಮಳೆ ನಾಲ್ಕೇ ಹನಿ. ಕಂಬಗಳು ಮಾತ್ರ ಉರುಳಿದವು. ಹೊಲದ ಲೈನಿಗೆ ಮರುದಿನವೇ ಕರೆಂಟು ಬಂದಿತು. ಮೊಬೈಲ್ ಟವರು ಮಾತ್ರ ನಾಲ್ಕು ದಿನ ಸತ್ತು ನಿಂತಿತು.

ನಾವು ದಿನಕ್ಕೆ ಹತ್ತು ಸಲ ಮೊಬೈಲ್ ನೋಡುತ್ತಿದ್ದೆವು. ಸ್ಟಾರ್ಟರಿನಿಂದ ಉತ್ತರವಿಲ್ಲ. "ಕರೆಂಟು ಬಂದಿಲ್ಲ, ಬಂದೊಡನೆ ತಿಳಿಸುವುದು" ಎಂದು ಸುಮ್ಮನಾದೆವು. ನೆರೆಹೊಲದವರನ್ನು ಕೇಳೋಣವೆಂದರೆ ಅವರ ಮೊಬೈಲೂ ಅದೇ ಟವರಿನದು. ಅವರು ತಮ್ಮ ಮೋಟರನ್ನು ಕೈಯಿಂದಲೇ ಚಾಲೂ ಮಾಡಿ ನೀರು ಬಿಟ್ಟುಕೊಂಡಿದ್ದರು. ನಮ್ಮ ಮೋಟರು ಸುಮ್ಮನಿರುವುದನ್ನು ಕಂಡು ಪೆಟ್ಟಿಗೆಯವರೆಗೂ ಬಂದಿದ್ದರಂತೆ. ಕೀಲಿ ಇತ್ತು. ಕೀಲಿ ಒಡೆದಿದ್ದರೂ ಹಸಿರು ಗುಂಡಿಯಲ್ಲಿ ಜೀವವಿರಲಿಲ್ಲ.

ಐದನೆಯ ದಿನ ಬಂದು ನೋಡಿದಾಗ ಎಲೆಗಳು ಜೋತಿದ್ದವು. ಗಾಬರಿಯಲ್ಲಿ ಎರಡನೆಯ ತಪ್ಪು ಮಾಡಿದೆವು. ನಾಲ್ಕು ದಿನದ ನೀರನ್ನು ಒಂದೇ ಸಲ ಕುಡಿಸಿದೆವು. ಬಿಸಿಲಿಗೆ ಬಿಗಿದ ಸಿಪ್ಪೆಯೊಳಗೆ ನೀರು ಒಮ್ಮೆಲೆ ನುಗ್ಗಿದರೆ ಕಾಳು ಉಬ್ಬಿ ಸಿಪ್ಪೆ ಸೀಳುವುದು. ಒಂದು ವಾರದಲ್ಲಿ ನಾಲ್ಕು ಕಾಯಿಗೆ ಒಂದು ಬಿರಿಯಿತು. ಬಿರಿದ ದಾಳಿಂಬೆಗೆ ಪೇಟೆಯಲ್ಲಿ ಎಷ್ಟು ಮರ್ಯಾದೆ ಎಂಬುದು ಬೆಳೆದವರಿಗೇ ಗೊತ್ತು.

ಮೌನದ ಅರ್ಥ

ಶಾಲೆಯಲ್ಲಿ ಹಾಜರಿ ಕರೆಯುವಾಗ ಒಬ್ಬ ಹುಡುಗ ಓಗೊಡದಿದ್ದರೆ, ಅವನಿಗೆ ಜ್ವರ ಬಂದಿರಬಹುದು, ದನ ಕಾಯಲು ಹೋಗಿರಬಹುದು, ಇಲ್ಲವೆ ಹಿಂದಿನ ಸಾಲಿನಲ್ಲೇ ನಿದ್ದೆ ಹೋಗಿರಬಹುದು. ಬಲ್ಲ ಮಾಸ್ತರನು ಒಬ್ಬರನ್ನು ಅವನ ಮನೆಗೆ ಅಟ್ಟುವನು. ಇಷ್ಟು ವರ್ಷ ಶಾಲೆಯಲ್ಲಿ ಮಾಡಿದ ಈ ಕೆಲಸವನ್ನು ಹೊಲದಲ್ಲಿ ಮಾಡಲು ಮರೆತೆವು.

ನಮ್ಮ ಬೆರಳಿಗೂ ಮೋಟರಿಗೂ ನಡುವೆ ಎಷ್ಟು ಕೊಂಡಿಗಳಿವೆ ನೋಡಿರಿ. ನಮ್ಮ ಮೊಬೈಲು, ಅದರ ಟವರು, ಆ್ಯಪ್ ಮೂಲಕ ನಡೆಯುವುದಾದರೆ ಎಲ್ಲಿಯೋ ದೂರದಲ್ಲಿರುವ ಕಂಪನಿಯ ಕಂಪ್ಯೂಟರು, ಬಾವಿಯ ಹತ್ತಿರದ ಟವರು, ಸ್ಟಾರ್ಟರಿನೊಳಗಿನ ಸಿಮ್ಮು, ಕೊನೆಗೆ ಸ್ಟಾರ್ಟರು. ಸಿಮ್ಮಿನ ರೀಚಾರ್ಜು ಮುಗಿದರೂ ಮೌನವೇ, ಟವರು ಕೆಟ್ಟರೂ ಮೌನವೇ, ಕರೆಂಟು ಹೋದರೂ ಮೌನವೇ. "ಮೋಟರು ಚಾಲೂ ಆಗಿದೆ" ಎಂದು ಸಂದೇಶ ಬಂದರೂ ನೀರು ಗಿಡಕ್ಕೆ ಮುಟ್ಟಿದೆಯೆಂದು ಅರ್ಥವಲ್ಲ. ನಡುವೆ ಪೈಪು ಕಳಚಿಕೊಂಡು ನೀರೆಲ್ಲ ಹಳ್ಳ ಸೇರಿದರೂ ಮೊಬೈಲಿಗೆ ಅದೇ ಸಂದೇಶ ಬಂದೀತು.

ಹೊರಗಿನ ಮೂರು ಮಾತು

ಇದು ಹಳ್ಳಿಯವರ ಅರಿಯದ ತಪ್ಪೆಂದು ಯಾರೂ ನಾಚಬೇಕಾಗಿಲ್ಲ. 2024ನೆಯ ಮೇ 10 ಮತ್ತು 11ರಂದು ಸೂರ್ಯನಿಂದೆದ್ದ ದೊಡ್ಡ ಕಾಂತ ಬಿರುಗಾಳಿ ಭೂಮಿಗೆ ತಗಲಿ, ಉಪಗ್ರಹಗಳ ಸಂಕೇತ ಕದಡಿತು. ಅಮೆರಿಕದ ನಡುಭಾಗದಲ್ಲಿ ಅದು ಬಿತ್ತನೆಯ ಕಾಲ. ಉಪಗ್ರಹದ ಗುರುತಿನಂತೆ ಸಾಲು ಹಿಡಿಯುವ ಟ್ರ್ಯಾಕ್ಟರುಗಳನ್ನು ನಂಬಿದ ಹಲವು ರೈತರು ಬಿತ್ತನೆ ನಿಲ್ಲಿಸಬೇಕಾಯಿತು.

ಅದೇ ವರ್ಷ ಜುಲೈ 19ರಂದು, ಕಂಪ್ಯೂಟರುಗಳನ್ನು ಕಾಯುವ ಒಂದು ಕಾವಲು ತಂತ್ರಾಂಶದ ತಪ್ಪಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಒಮ್ಮೆಗೇ ನಿಂತವು. ವೈರಿ ಯಾರೂ ಇರಲಿಲ್ಲ, ಕಾವಲುಗಾರನೇ ಎಡವಿದ್ದನು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಕೈಯಿಂದ ಚೀಟಿ ಬರೆದುಕೊಟ್ಟು ವಿಮಾನ ಹತ್ತಿಸಿದರು. ಕೈಬರಹ ಉಳಿದಿದ್ದುದರಿಂದ ಕೆಲಸ ನಡೆಯಿತು.

ಇನ್ನು ವೈರಿಯ ಮಾತು. 2016ರಲ್ಲಿ ಮಿರಾಯ್ ಎಂಬ ಕೇಡಿನ ತಂತ್ರಾಂಶವು, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಬದಲಿಸದೆ ಬಳಸುತ್ತಿದ್ದ ಲಕ್ಷಗಟ್ಟಲೆ ಕ್ಯಾಮೆರಾ ಮುಂತಾದ ಸಾಧನಗಳೊಳಗೆ ಹೊಕ್ಕು, ಅವುಗಳನ್ನೇ ದಾಳಿಗೆ ದುಡಿಸಿಕೊಂಡಿತು. ಕಳ್ಳರ ಕಾಟಕ್ಕೆ ತೋಟದಲ್ಲಿ ಕ್ಯಾಮೆರಾ ಕೂಡ್ರಿಸಿದವರು ಇದನ್ನು ನೆನಪಿಡತಕ್ಕದ್ದು.

ಮಾಡತಕ್ಕ ಕೆಲಸಗಳು

1. ಸ್ಟಾರ್ಟರಿಗೆ ಕೈಯಿಂದ ನಡೆಸುವ ಗುಂಡಿ ಇರಲೇಬೇಕು. ಇಲ್ಲದಿದ್ದರೆ ಬಲ್ಲ ವಾಯರ್‌ಮನ್ನನಿಂದ ಜೋಡಿಸಿಕೊಳ್ಳಿರಿ. ತಂತಿಗೆ ನೀವೇ ಕೈ ಹಚ್ಚಬೇಡಿರಿ. ವಾರಕ್ಕೊಮ್ಮೆ ಅದರಿಂದಲೇ ಮೋಟರು ನಡೆಸಿ ನೋಡಿರಿ.

2. ಪೆಟ್ಟಿಗೆಯ ಒಂದು ಕೀಲಿಕೈ ನಂಬಿಕೆಯ ನೆರೆಯವರಲ್ಲಿರಲಿ. ಮನೆಯ ಹೆಣ್ಣುಮಕ್ಕಳಿಗೂ ಗುಂಡಿಯ ಬಳಕೆ ತಿಳಿದಿರಲಿ.

3. ಮನೆಯಲ್ಲಲ್ಲ, ಬಾವಿಯ ಹತ್ತಿರ ಚೆನ್ನಾಗಿ ಹಿಡಿಯುವ ಸಿಮ್ಮು ಹಾಕಿರಿ. ರೀಚಾರ್ಜು ಮುಗಿಯುವ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಿರಿ.

4. ಕೊಳ್ಳುವ ಮೊದಲೇ ಅಂಗಡಿಯವನನ್ನು ಕೇಳಿರಿ: "ನಿಮ್ಮ ಕಂಪನಿ ಮುಚ್ಚಿದರೆ ಈ ಸ್ಟಾರ್ಟರು ನಡೆಯುವುದೇ?" ಉತ್ತರವನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿರಿ.

5. ಹೊಸ ಸಾಧನದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿರಿ.

6. ಹನಿ ಕೊಳವೆಯ ಕಟ್ಟಕಡೆಯ ಗಿಡದ ಬುಡದಲ್ಲಿ ಗೇಣುದ್ದ ಅಗೆದು ಮಣ್ಣು ಹಿಂಡಿ ನೋಡಿರಿ. ಉಂಡೆ ಕಟ್ಟಿದರೆ ಹಸಿಯಿದೆ, ಉದುರಿದರೆ ನೀರು ಬೇಕು. ಈ ಪರೀಕ್ಷೆಗೆ ಟವರು ಬೇಕಿಲ್ಲ.

7. ನೀರು ತಪ್ಪಿದರೆ ಒಮ್ಮೆಲೆ ಕುಡಿಸಬೇಡಿರಿ. ಸ್ವಲ್ಪ ಸ್ವಲ್ಪವಾಗಿ, ಕೆಲವು ದಿನಗಳ ಮೇಲೆ ಮೊದಲಿನ ಪ್ರಮಾಣಕ್ಕೆ ತನ್ನಿರಿ.

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದರು ಹಿರಿಯರು. ಮೊಬೈಲ್ ಸ್ಟಾರ್ಟರೂ ನಾವು ಇಟ್ಟುಕೊಂಡ ಒಂದು ಆಳು. ಒಳ್ಳೆಯ ಆಳೇ, ಬಿಡಿಸಬೇಕಾಗಿಲ್ಲ. ಆದರೆ ಆಳಿಗೆ ಹೊಲ ಒಪ್ಪಿಸಿ ಮಲಗಿದವನ ಒಕ್ಕಲುತನ ಉಳಿದದ್ದನ್ನು ನಾವು ಕಂಡಿಲ್ಲ. ನಮ್ಮ ಹಸಿರು ಗುಂಡಿಗೆ ಮತ್ತೆ ಜೀವ ಬಂದಿದೆ. ಒಂದು ಕೀಲಿಕೈ ನೆರೆಯವರ ಮನೆಯ ಗೂಟದಲ್ಲಿದೆ. ಮೋಟರನ್ನು ಮೊಬೈಲು ನಡೆಸಲಿ. ಗಿಡಕ್ಕೆ ನೀರು ಮುಟ್ಟಿತೇ ಎಂಬುದನ್ನು ಮಾತ್ರ ನಮ್ಮ ಕಣ್ಣೇ ನೋಡಬೇಕು.