ಟೈ ಕಟ್ಟದ ಪ್ರಧಾನಿ

1920ರ ಆಗಸ್ಟ್ 12. ಸೋವಿಯತ್ ಸೈನ್ಯವು ಪೋಲೆಂಡಿನ ರಾಜಧಾನಿ ವಾರ್ಸಾದ ಹೊಸ್ತಿಲನ್ನು ಸಮೀಪಿಸಿತ್ತು. ರಣರಂಗಕ್ಕೆ ಹೊರಟು ನಿಂತ ರಾಷ್ಟ್ರಮುಖ್ಯಸ್ಥ ಪಿಲ್ಸುಡ್‌ಸ್ಕಿ ಪ್ರಧಾನಮಂತ್ರಿಯ ಕೈಗೆ ಪತ್ರವೊಂದನ್ನಿತ್ತನು. ಅದು ಆತನ ರಾಜೀನಾಮೆ! ಸುದ್ದಿ ಹೊರಬಿದ್ದಿದ್ದರೆ ಸೈನಿಕರ ಧೈರ್ಯವೇ ಕುಸಿಯುತ್ತಿತ್ತು. ಪ್ರಧಾನಿ ಅದನ್ನು ಗುಟ್ಟಾಗಿರಿಸಿದನು. ಕೆಲವೇ ದಿನಗಳಲ್ಲಿ ಯುದ್ಧದ ಗತಿ ತಿರುಗಿತು; ವಾರ್ಸಾ ಉಳಿಯಿತು.

ಬಾಯಿ ಬಿಡದೆ ದೇಶದ ಮಾನ ಕಾಯ್ದ ಆ ಪ್ರಧಾನಿ ಒಬ್ಬ ರೈತ. ಹೆಸರು ವಿಂಟ್ಸೆಂಟಿ ವಿಟೋಸ್.

ಅವನು ಹುಟ್ಟಿದ್ದು 1874ರಲ್ಲಿ, ತಾರ್ನುಫ್ ಪಟ್ಟಣದ ಬಳಿಯ ವಿಯೆಜ್‌ಹೊಸ್ವಾವಿತ್ಸೆ ಎಂಬ ಹಳ್ಳಿಯಲ್ಲಿ. ಪೋಲೆಂಡನ್ನು ಆಗ ಮೂರು ಸಾಮ್ರಾಜ್ಯಗಳು ಹಂಚಿಕೊಂಡಿದ್ದವು. ಈ ಹಳ್ಳಿ ಆಸ್ಟ್ರಿಯದ ಪಾಲಿಗೆ ಬಂದಿತ್ತು. ಮನೆಯಲ್ಲಿ ಕಡುಬಡತನ. ಹಳ್ಳಿಯ ಶಾಲೆಯಲ್ಲಿ ನಾಲ್ಕೇ ವರ್ಷ ಓದು. ಆಮೇಲೆ ಜಮೀನುದಾರರ ಕಾಡಿನಲ್ಲಿ ಮರ ಕಡಿಯುವ ಕೂಲಿ. ಆದರೆ ಓದಿನ ಹಸಿವು ಹಿಂಗಲಿಲ್ಲ. ಹತ್ತೊಂಬತ್ತರ ಹರೆಯದಲ್ಲೇ ರೈತರ ಪತ್ರಿಕೆಗೆ ಲೇಖನ ಬರೆದನು.

1908ರಲ್ಲಿ ಪ್ರಾಂತೀಯ ಸಭೆಗೆ, 1911ರಲ್ಲಿ ವಿಯೆನ್ನಾದ ಸಂಸತ್ತಿಗೆ ಆಯ್ಕೆಯಾದನು. 1918ರಲ್ಲಿ ಪೋಲೆಂಡ್ ಸ್ವತಂತ್ರವಾದಾಗ ರೈತಪಕ್ಷದ ನಾಯಕನಾಗಿದ್ದನು. 1920ರ ಜುಲೈ 24ರಂದು, ಶತ್ರು ಮುನ್ನುಗ್ಗುತ್ತಿದ್ದ ಹೊತ್ತಿನಲ್ಲಿ, ಪ್ರಧಾನಿಯ ಹೊಣೆ ಅವನ ಹೆಗಲೇರಿತು. ರೈತನೊಬ್ಬನ ಕರೆಗೆ ರೈತರು ಓಗೊಡುವರೆಂಬುದು ದೇಶದ ನಂಬಿಕೆ. ಆ ನಂಬಿಕೆ ಹುಸಿಯಾಗಲಿಲ್ಲ.

ಅಧಿಕಾರ ಬಂದರೂ ವೇಷ ಬದಲಾಗಲಿಲ್ಲ. ಕಾಲಲ್ಲಿ ಮೊಳಕಾಲೆತ್ತರದ ಬೂಟು. ಕೊರಳಿಗೆ ಟೈ ಇಲ್ಲ. ಪಟ್ಟಣಿಗರು ನಕ್ಕರು. ಅವನು ಲೆಕ್ಕಿಸಲಿಲ್ಲ. ಬಿಡುವಾದಾಗ ಊರಿಗೆ ಮರಳಿ ಹೊಲ ನೋಡಿಕೊಳ್ಳುತ್ತಿದ್ದನು.

ಅವನ ಬಾಳೆಲ್ಲ ಗೆಲುವಿನ ಕಥೆಯೇನಲ್ಲ. 1923ರಲ್ಲಿ ಎರಡನೆಯ ಬಾರಿ ಪ್ರಧಾನಿಯಾದಾಗ ಬೆಲೆಗಳು ಗಗನಕ್ಕೇರಿದ್ದವು. ಕ್ರಾಕೋವ್‌ನಲ್ಲಿ ಮುಷ್ಕರ ಹೂಡಿದ ಕಾರ್ಮಿಕರಿಗೂ ಸೈನಿಕರಿಗೂ ಘರ್ಷಣೆಯಾಗಿ ರಕ್ತ ಹರಿಯಿತು. ಡಿಸೆಂಬರಿನಲ್ಲಿ ಸರ್ಕಾರ ಉರುಳಿತು.

1926ರ ಮೇ 10ರಂದು ಮೂರನೆಯ ಬಾರಿ ಪ್ರಧಾನಿಯಾದನು. ಎರಡೇ ದಿನಗಳಲ್ಲಿ ಸೈನ್ಯದೊಡನೆ ರಾಜಧಾನಿಗೆ ನುಗ್ಗಿದವನಾರು? ಅದೇ ಪಿಲ್ಸುಡ್‌ಸ್ಕಿ! ಬೀದಿಕಾಳಗದಲ್ಲಿ ಸುಮಾರು 380 ಮಂದಿ ಮಡಿದರು. ಅಂತರ್ಯುದ್ಧ ಬೇಡವೆಂದು ಅಧ್ಯಕ್ಷನೂ ವಿಟೋಸನ ಸರ್ಕಾರವೂ ಅಧಿಕಾರ ತ್ಯಜಿಸಿದುವು.

ಆದರೂ ವಿಟೋಸ್ ಸುಮ್ಮನಾಗಲಿಲ್ಲ. ವಿರೋಧಪಕ್ಷಗಳನ್ನು ಒಗ್ಗೂಡಿಸಿದ್ದಕ್ಕಾಗಿ 1930ರ ಸೆಪ್ಟೆಂಬರಿನಲ್ಲಿ ಬ್ರೆಸ್ಟ್ ಕೋಟೆಯ ಸೆರೆಮನೆ ಸೇರಬೇಕಾಯಿತು. 1932ರಲ್ಲಿ ನ್ಯಾಯಾಲಯ ಒಂದೂವರೆ ವರ್ಷದ ಶಿಕ್ಷೆ ವಿಧಿಸಿತು. ಮೂರು ಸಲ ಪ್ರಧಾನಿಯಾದವನು 1933ರಲ್ಲಿ ಗಡಿ ದಾಟಿ ಚೆಕೊಸ್ಲೊವಾಕಿಯದಲ್ಲಿ ಆಶ್ರಯ ಪಡೆದನು. ತನ್ನ ನೆನಪುಗಳನ್ನು ಅಲ್ಲಿ ಬರೆದಿಟ್ಟನು.

1939ರಲ್ಲಿ ತಾಯ್ನಾಡಿಗೆ ಮರಳಿದನು. ಆ ವರ್ಷವೇ ನಾಜಿಗಳು ದೇಶವನ್ನಾಕ್ರಮಿಸಿ ಅವನನ್ನು ಬಂಧಿಸಿದರು. ತಮ್ಮೊಡನೆ ಸಹಕರಿಸೆಂದು ಒತ್ತಾಯಿಸಿದರು. ಜರ್ಝರಿತವಾಗಿದ್ದ ಆ ದೇಹ ಮಣಿಯಲಿಲ್ಲ. 1945ರ ಅಕ್ಟೋಬರ್ 31ರಂದು ಕ್ರಾಕೋವ್‌ನಲ್ಲಿ ಕಣ್ಮುಚ್ಚಿದ ವಿಟೋಸನನ್ನು ಹುಟ್ಟೂರಿನ ಮಣ್ಣೇ ಮಡಿಲಿಗೆ ತೆಗೆದುಕೊಂಡಿತು.

1932ರ ಆ ತೀರ್ಪೇನಾಯಿತು? ತೊಂಬತ್ತೊಂದು ವರ್ಷಗಳ ಬಳಿಕ, 2023ರ ಮೇ ತಿಂಗಳಲ್ಲಿ, ಪೋಲೆಂಡಿನ ಸರ್ವೋಚ್ಚ ನ್ಯಾಯಾಲಯ ವಿಟೋಸನನ್ನೂ ಅವನೊಡನೆ ಶಿಕ್ಷೆಗೊಳಗಾದವರನ್ನೂ ನಿರ್ದೋಷಿಗಳೆಂದು ಸಾರಿತು. ಬಿತ್ತಿದ ಬೀಜ ಮೊಳೆಯಲು ಕಾಲ ಬೇಕೆಂಬುದು ಆ ರೈತನಿಗೆ ತಿಳಿಯದ ಮಾತಲ್ಲ. ಆದರೆ ಈ ಫಸಲನ್ನು ನೋಡಲು ಅವನಿರಲಿಲ್ಲ.